ಪಕ್ಕದಲ್ಲಿ ಯಾರೂ ಇಲ್ಲದವರಿಗೆ ಲಿನಕ್ಸ್

ಮುಂಬೈಯ ಗ್ರ್ಯಾಂಟ್ ರೋಡ್ ಸ್ಟೇಷನ್ನಿನ ಪೂರ್ವಕ್ಕಿಳಿದು ಸ್ವಲ್ಪ ನಡೆದರೆ ಸಿಗುವ ರಸ್ತೆಯ ಹೆಸರು, ಫಲಕದ ಪ್ರಕಾರ, ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ. ಕೇಬಲ್ಲೋ ಹಾರ್ಡ್‌ಡಿಸ್ಕೋ ಬೇಕಾಗಿ ಹೋಗುವವರಿಗೆ ಮಾತ್ರ ಅದು ಇಂದಿಗೂ ಲ್ಯಾಮಿಂಗ್ಟನ್ ರೋಡ್. ಏಳೆಂಟು ವರ್ಷ ಹಳೆಯ ಲ್ಯಾಪ್‌ಟಾಪನ್ನು ಚೀಲದಲ್ಲಿ ಹಾಕಿಕೊಂಡು ಈಗ ಅಲ್ಲಿಗೆ ಹೋದರೆ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ: ಹೊಸದು ತಗೊಳ್ಳಿ. ಅಂಗಡಿಯವರು ಸುಳ್ಳು ಹೇಳುತ್ತಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಭದ್ರತಾ ಅಪ್‌ಡೇಟ್ ನಿಂತಿತು. ಹೆಸರು ನೋಂದಾಯಿಸಿಕೊಂಡವರಿಗೆ ಇನ್ನೊಂದು ವರ್ಷದ ಗಡುವು ಸಿಕ್ಕಿದೆ, ಅಷ್ಟೇ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಚಿಪ್ ಬೇಕು. ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೇ ತಲೆಮಾರಿನ ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಮಗನ ಆನ್‌ಲೈನ್ ಕ್ಲಾಸಿಗೆಂದು ಕೊರೋನಾ ಕಾಲದಲ್ಲಿ ಸೆಕೆಂಡ್‌ಹ್ಯಾಂಡ್ ಕೊಂಡ ಯಂತ್ರಗಳಲ್ಲಿ ಅವು ಹೆಚ್ಚಾಗಿ ಇರುವುದಿಲ್ಲ. ಯಂತ್ರ ಗಟ್ಟಿಮುಟ್ಟಾಗಿದೆ, ಕೀಲಿಗಳೆಲ್ಲ ಒತ್ತುತ್ತವೆ, ಆದರೂ ಅದಕ್ಕೆ ಮುಪ್ಪು ಬಂತೆಂದು ಬೇರೆ ಯಾರೋ ತೀರ್ಮಾನಿಸಿಬಿಟ್ಟಿದ್ದಾರೆ.

ಅಂಥ ಯಂತ್ರಕ್ಕೆ ವಿಂಡೋಸ್ ಬದಲು ಲಿನಕ್ಸ್ ಹಾಕಬಹುದು ಎನ್ನುವುದು ಹೊಸ ಸುದ್ದಿಯೇನಲ್ಲ. ಲಿನಸ್ ಟೊರ್ವಾಲ್ಡ್ಸ್ ಎಂಬ ಫಿನ್‌ಲೆಂಡಿನ ವಿದ್ಯಾರ್ಥಿ 1991ರ ಆಗಸ್ಟ್‌ನಲ್ಲಿ ತಾನು ಬರೀ ಹವ್ಯಾಸಕ್ಕೆ ಮಾಡುತ್ತಿದ್ದೇನೆಂದು ಹೇಳಿಕೊಂಡ ಈ ತಂತ್ರಾಂಶ ಇವತ್ತು ನಮ್ಮ ಆ್ಯಂಡ್ರಾಯ್ಡ್ ಫೋನಿನ ಒಳಗೂ ಕೂತಿದೆ. ಕಾಸಿಲ್ಲದೆ ಸಿಗುತ್ತದೆ, 4 ಜಿಬಿ ರ‍್ಯಾಮಿನಲ್ಲೂ ಕುಂಟದೆ ಓಡುವ ಹಗುರ ಆವೃತ್ತಿಗಳಿವೆ, ಲಿನಕ್ಸಿನದೇ ಆವೃತ್ತಿಗಳಾದ ಉಬುಂಟು 24.04 ಅಥವಾ ಲಿನಕ್ಸ್ ಮಿಂಟ್ 22 ಹಾಕಿಕೊಂಡರೆ 2029ರವರೆಗೆ ಅಪ್‌ಡೇಟಿನ ಚಿಂತೆಯಿಲ್ಲ. ಇಷ್ಟನ್ನು ಹೇಳಿ ಎದ್ದುಹೋಗುವವರಿಗೆ ಬರವಿಲ್ಲ. ಹಾಕಿಕೊಳ್ಳುವುದು ಹೇಗೆಂದು ಹಂತಹಂತವಾಗಿ ಬರೆದಿಟ್ಟ ಕೈಪಿಡಿಗಳೂ ಸಾವಿರಾರು. ಅವುಗಳಲ್ಲಿ ಬಹುಪಾಲು ಹೊಸಬರಿಗಾಗಿ ಎಂದು ಶುರುವಾಗಿ, ಮೂರನೇ ಪ್ಯಾರಾ ಹೊತ್ತಿಗೆ ಈಗಾಗಲೇ ಗೊತ್ತಿರುವವರಿಗಾಗಿ ಆಗಿಬಿಡುತ್ತವೆ.

ಹೀಗಾಗದಂತೆ ತಡೆಯಲು ಒಂದು ಪದ್ಧತಿಯನ್ನೇ ಕಟ್ಟಿದವರು ಇದೇ ಮುಂಬೈಯ ಪೊವಾಯಿಯಲ್ಲಿದ್ದಾರೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಅದು. ಅದನ್ನು ಕಟ್ಟಿದವರು ಕೆಮಿಕಲ್ ಎಂಜಿನಿಯರಿಂಗ್ ವಿಭಾಗದ ಪ್ರೊಫೆಸರ್ ಕಣ್ಣನ್ ಮೌದ್ಗಲ್ಯ. ಅದು ಬೆಳೆದದ್ದು ಕೇಂದ್ರ ಸರ್ಕಾರದ ಶಿಕ್ಷಣ ಇಲಾಖೆಯ ದುಡ್ಡಿನಲ್ಲಿ. ಸಾಫ್ಟ್‌ವೇರ್ ಬಳಸುವುದನ್ನು ಪರದೆಯ ಮೇಲೆ ಮಾಡಿ ತೋರಿಸುತ್ತ, ಜೊತೆಗೆ ಮಾತಿನಲ್ಲಿ ವಿವರಿಸುವ ಸುಮಾರು 10 ನಿಮಿಷದ ಪಾಠಗಳು. ಉಬುಂಟು ಡೆಸ್ಕ್‌ಟಾಪ್ ಎಂದರೇನು ಎಂಬಲ್ಲಿಂದ ಹಿಡಿದು ಫೈಲ್ ನಕಲು ಮಾಡುವ ಆಜ್ಞೆ, ಹೊಸ ಸಾಫ್ಟ್‌ವೇರ್ ಹಾಕುವ ಬಗೆ, ಫೈಲನ್ನು ಯಾರು ಓದಬಹುದು ಯಾರು ತಿದ್ದಬಹುದು ಎಂಬ ಅನುಮತಿಯ ತನಕ ಲಿನಕ್ಸಿಗೇ ಒಂದು ಇಡೀ ಸರಣಿಯಿದೆ. ಪಾಠಗಳನ್ನು ಕನ್ನಡವೂ ಸೇರಿ ಭಾರತದ 22 ಭಾಷೆಗಳಿಗೆ ತರುವ ಏರ್ಪಾಡೂ ಇದೆ.

ಇವರ ಕಣ್ಣೆದುರಿಗಿರುವ ವಿದ್ಯಾರ್ಥಿ ಎಂಥವನು ಎಂಬುದು ಮುಖ್ಯ. ಎಲ್ಲೋ ದೂರದ ಊರಿನಲ್ಲಿ, ನಡುರಾತ್ರಿಯಲ್ಲಿ, ಒಬ್ಬನೇ ಕೂತು ಕಲಿಯುವವನು. ಕೇಳೋಣವೆಂದರೆ ಪಕ್ಕದಲ್ಲಿ ಯಾರೂ ಇಲ್ಲ. ಈ ಕಲ್ಪನೆಯನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಬರವಣಿಗೆಯ ಉಳಿದ ನಿಯಮಗಳೆಲ್ಲ ತಾವಾಗಿಯೇ ಹಿಂದೆ ಬರುತ್ತವೆ. ಪಕ್ಕದಲ್ಲಿ ಗುರುವಿದ್ದಾಗ ಪುಸ್ತಕ ಕೆಟ್ಟದಾಗಿದ್ದರೂ ಹೇಗೋ ನಡೆಯುತ್ತದೆ. ಗುರುವಿಲ್ಲದ ಕಡೆ ಒಂದು ವಾಕ್ಯ ಬಿಟ್ಟುಹೋದರೆ ಅಲ್ಲಿಗೆ ವಿದ್ಯೆ ಮುಗಿಯಿತು.

ಅವರ ಕೆಲಸದ ರೀತಿ ಹತ್ತಿರದಿಂದ ನೋಡುವಂಥದ್ದು. ರೆಕಾರ್ಡಿಂಗಿಗೆ ಕೂರುವ ಮೊದಲು ಸ್ಕ್ರಿಪ್ಟ್ ಸಿದ್ಧವಾಗಬೇಕು, ಅದೂ ಎರಡು ಕಾಲಮ್ಮಿನಲ್ಲಿ. ಎಡಗಡೆ ಪರದೆಯ ಮೇಲೆ ಏನು ಕಾಣಬೇಕು, ಮೌಸ್ ಎಲ್ಲಿಗೆ ಹೋಗಬೇಕು, ಯಾವ ಕೀಲಿ ಒತ್ತಬೇಕು. ಬಲಗಡೆ ಆ ಕ್ಷಣದಲ್ಲಿ ಆಡಬೇಕಾದ ಮಾತು. ಬಲಗಡೆ ಮಾತಿದ್ದು ಎಡಗಡೆ ಖಾಲಿಯಿದ್ದರೆ ಅಲ್ಲಿ ಯಾರೋ ಭಾಷಣ ಮಾಡುತ್ತಿದ್ದಾರೆ. ಎಡಗಡೆ ಕ್ಲಿಕ್ಕಿದ್ದು ಬಲಗಡೆ ಮಾತಿಲ್ಲದಿದ್ದರೆ ಯಾರೋ ಒಂದು ಹಂತ ನುಂಗಿದ್ದಾರೆ. ವಿಷಯ ಬಲ್ಲವರು ಸ್ಕ್ರಿಪ್ಟನ್ನು ಪರಿಶೀಲಿಸುತ್ತಾರೆ, ಅದು ಎಲ್ಲೆಡೆಯೂ ಇರುವುದೇ. ಅದರ ಜೊತೆಗೆ ವಿಷಯದ ಗಂಧಗಾಳಿ ಇಲ್ಲದ ಒಬ್ಬರು ಅದನ್ನು ಓದಿ ಹಾಗೆಯೇ ಮಾಡಿ ನೋಡಬೇಕು. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ತಪ್ಪು ಸ್ಕ್ರಿಪ್ಟಿನದು, ಅವರದಲ್ಲ. ಈ ಹಂತ ದಾಟಿದ ಮೇಲಷ್ಟೇ ಮೈಕಿನ ಮುಂದೆ ಕೂರುವುದು.

ಈ ಎರಡನೇ ಪರೀಕ್ಷೆಯೇ ಇಡೀ ವ್ಯವಸ್ಥೆಯ ಜೀವಾಳ ಎಂದು ನನಗೆ ಅನ್ನಿಸುತ್ತದೆ. ನಮ್ಮ ಪಠ್ಯಪುಸ್ತಕ ಸಮಿತಿಗಳಲ್ಲಿ ಪಂಡಿತರಿರುತ್ತಾರೆ, ಅಧಿಕಾರಿಗಳಿರುತ್ತಾರೆ. ಏನೂ ಗೊತ್ತಿಲ್ಲದವರಿಗೊಂದು ಕುರ್ಚಿ ಇರುವುದನ್ನು ನಾನು ಕಂಡಿಲ್ಲ. ತಿಳಿದವನಿಗೆ ತಾನು ಜಿಗಿದುಬಂದ ಮೆಟ್ಟಿಲು ಕಾಣುವುದಿಲ್ಲ, ಎಷ್ಟೇ ಕಣ್ಣು ತೆರೆದು ನೋಡಿದರೂ.

ಇನ್ನೂ ಒಂದೆರಡು ಸಣ್ಣ ಶಿಸ್ತುಗಳಿವೆ. ಪಾಠದ ಶುರುವಿನಲ್ಲೇ ಇದನ್ನು ಉಬುಂಟುವಿನ ಯಾವ ಆವೃತ್ತಿಯಲ್ಲಿ ಮಾಡಿ ತೋರಿಸಲಾಗಿದೆ, ನಿಮಗೆ ಮೊದಲೇ ಏನೇನು ಗೊತ್ತಿರಬೇಕು ಎಂದು ಹೇಳಿಬಿಡುತ್ತಾರೆ. ಕಲಿಯುವವರು ವಿಡಿಯೊವನ್ನು ಒಂದು ಕಡೆ, ತಾವು ಕೆಲಸ ಮಾಡುವ ಕಿಟಕಿಯನ್ನು ಇನ್ನೊಂದು ಕಡೆ ಇಟ್ಟುಕೊಂಡು, ಒಂದಿಷ್ಟು ನೋಡಿ, ನಿಲ್ಲಿಸಿ, ತಾವೂ ಹಾಗೇ ಮಾಡಿ, ಮತ್ತೆ ಮುಂದಕ್ಕೆ ಹೋಗಬೇಕು. ಸಂಶಯ ಬಂದರೆ ವಿಡಿಯೊದ ಇಂಥ ನಿಮಿಷ, ಇಂಥ ಸೆಕೆಂಡಿನಲ್ಲಿ ಎಂದು ಬೊಟ್ಟು ಮಾಡಿ ಕೇಳುವ ಸೌಲಭ್ಯವಿದೆ. ಕಾಲೇಜಿನಲ್ಲಿ ಕಾರ್ಯಾಗಾರ ನಡೆಸಲು ಲಿನಕ್ಸ್ ಪಂಡಿತರು ಬೇಕಿಲ್ಲ. ಲ್ಯಾಬಿನ ಬಾಗಿಲು ತೆಗೆಸುವ, ಹಾಜರಿ ನೋಡಿಕೊಳ್ಳುವ ಒಬ್ಬ ಮೇಷ್ಟ್ರು ಸಾಕು. ಪಾಠಗಳ ಲೈಸೆನ್ಸ್ ಕ್ರಿಯೇಟಿವ್ ಕಾಮನ್ಸ್‌ನದು. ಯಾರು ಬೇಕಾದರೂ ನಕಲು ಮಾಡಿ ಹಂಚಬಹುದು, ಮೂಲದ ಹೆಸರು ಹೇಳಬೇಕು, ತಿದ್ದಿದರೆ ಅದನ್ನೂ ಅದೇ ಷರತ್ತಿಗೆ ಬಿಡಬೇಕು. ಹಿಂದೆ ಸಿಡಿಯಲ್ಲಿ ಬರೆದುಕೊಂಡು ಇಂಟರ್ನೆಟ್ ಇಲ್ಲದ ಕಡೆಗೂ ಒಯ್ಯುತ್ತಿದ್ದರು.

ಸಿಡಿ ಎಂದಾಗ ನನ್ನ ಓರಗೆಯವರಿಗೆ ಬೇರೆಯದೇ ಕಾಲ ನೆನಪಾಗುತ್ತದೆ. ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಿತೇನೋ ನಿಜ, ಆದರೆ ಆ ಮೋಡೆಮ್ಮಿನಲ್ಲಿ ಒಂದು ಸಿಡಿಯಷ್ಟು ಮಾಹಿತಿ ಇಳಿಸಬೇಕಾದರೆ ಎರಡು ಹಗಲು ಎರಡು ರಾತ್ರಿಯೂ ಸಾಲದು. ಫೋನ್ ಬಿಲ್ ಕಟ್ಟಲು ಸಾಲ ಮಾಡಬೇಕು. 1996ರಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆ ತನ್ನ ಸಂಚಿಕೆಯ ಜೊತೆಗೇ ಲಿನಕ್ಸ್ ಸಿಡಿ ಕೊಟ್ಟಿದ್ದು ಅದಕ್ಕೇ ದೊಡ್ಡ ಸಂಗತಿಯಾಯಿತು. ಅದರ ಹಿಂದಿದ್ದ ಅತುಲ್ ಚಿಟ್ನಿಸ್ ಹುಟ್ಟಿದ್ದು ಬರ್ಲಿನ್, ಬೆಳೆದದ್ದು ಬೆಳಗಾವಿ, ನೆಲೆಸಿದ್ದು ಬೆಂಗಳೂರು. 2013ರ ಜೂನ್ 3ರಂದು ತೀರಿಕೊಳ್ಳುವವರೆಗೂ ಈ ದೇಶದ ಲಿನಕ್ಸ್ ಮಂದಿಗೆ ಅವರೊಬ್ಬ ಹಿರಿಯಣ್ಣ, ಬೈದು ಬುದ್ಧಿ ಹೇಳುವ ಜಾತಿಯವರು. ಆ ಸಿಡಿಯ ಬೆಲೆ ಇದ್ದದ್ದು ಅದರ ಜೊತೆಗೆ ಪತ್ರಿಕೆಯ ಪುಟಗಳಲ್ಲಿ ಅಚ್ಚಾಗಿದ್ದ ವಿವರಣೆಯಲ್ಲಿ. ನಮ್ಮ ಮುಂಬೈಯಿಂದಲೇ ಹೊರಡುತ್ತಿದ್ದ ಚಿಪ್ ಪತ್ರಿಕೆ, ಅದು ಹೆಸರು ಬದಲಿಸಿಕೊಂಡು ಆದ ಡಿಜಿಟ್ ಕೂಡ ಇದೇ ಹಾದಿ ಹಿಡಿದವು. ಆಮೇಲೆ ಉಬುಂಟು ತಯಾರಿಸುವ ಕಂಪನಿ ಕೇಳಿದವರ ಮನೆಗೆ ಪುಕ್ಕಟೆಯಾಗಿ ಅಂಚೆಯಲ್ಲೇ ಸಿಡಿ ಕಳಿಸತೊಡಗಿತು. 2011ರಲ್ಲಿ ಅದು ನಿಂತಿತು. ಈಗ ಹಲವು ಜಿಬಿಯ ಫೈಲನ್ನು ಲೋಕಲ್ ರೈಲು ಕಾಯುತ್ತ ನಿಂತವರೂ ಫೋನಿಗೆ ಇಳಿಸಿಕೊಳ್ಳಬಹುದು. ಸಾಮಾನು ತಲುಪಿಸುವ ಕಷ್ಟ ತೀರಿತು. ವಿವರಣೆಯ ಕಷ್ಟ ಇದ್ದಲ್ಲೇ ಇದೆ.

ಕನ್ನಡದಲ್ಲಿ ಈ ಕೆಲಸ ಆಗಿಯೇ ಇಲ್ಲವೆಂದರೆ ತಪ್ಪಾಗುತ್ತದೆ. ಓಂಶಿವಪ್ರಕಾಶ್ ‘ಲಿನಕ್ಸಾಯಣ’ ಎಂಬ ಹೆಸರಿನಲ್ಲಿ ಲಿನಕ್ಸಿನ ಬಗ್ಗೆ ಕನ್ನಡದಲ್ಲೇ ಬರೆಯುತ್ತ ಬಂದವರು. ಮುಂಬೈಗೂ ಕಂಪ್ಯೂಟರಿನ ಕನ್ನಡಕ್ಕೂ ಇರುವ ನಂಟು ಇದಕ್ಕಿಂತ ಹಳೆಯದು. ಇಲ್ಲಿನ ನಮ್ಮ ಕನ್ನಡ ಸಂಘಗಳ ವೇದಿಕೆಯಲ್ಲಿ ಇದನ್ನು ಯಾರೂ ಹೇಳುವುದಿಲ್ಲವಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಉಬುಂಟುವಿನಲ್ಲಿ ಕೀಬೋರ್ಡ್ ಆಯ್ಕೆಗೆ ಹೋಗಿ ಕನ್ನಡ ಹುಡುಕಿದರೆ ಪಟ್ಟಿಯಲ್ಲಿ ‘ಕಗಪ’ ಎಂಬುದೊಂದು ಇರುತ್ತದೆ. ನುಡಿ ತಂತ್ರಾಂಶ ಕೊಟ್ಟ ಕನ್ನಡ ಗಣಕ ಪರಿಷತ್ತಿನ ಚುಟುಕು ಹೆಸರು ಅದು. ಜಗತ್ತಿನ ಯಾವ ಮೂಲೆಯಲ್ಲಿ ಲಿನಕ್ಸ್ ಹಾಕಿದರೂ ಆ ಹೆಸರು ಜೊತೆಗೇ ಬರುತ್ತದೆ, ಬೇರೇನೂ ಇಳಿಸಿಕೊಳ್ಳಬೇಕಿಲ್ಲ. ಆ ವಿನ್ಯಾಸದ ಬೇರು ಕೆ.ಪಿ. ರಾವ್ ಅವರ ಕೆಲಸದಲ್ಲಿದೆ. ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಈ ಕಿನ್ನಿಕಂಬಳ ಪದ್ಮನಾಭ ರಾವ್ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ, ಆಮೇಲೆ ಟಾಟಾ ಪ್ರೆಸ್ಸಿನಲ್ಲಿ ದುಡಿದವರು. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ ‘ಸೇಡಿಯಾಪು’ ತಂತ್ರಾಂಶ ಮಾಡಿ ಹಾಗೇ ಹಂಚಿದವರು. ಇನ್ನು ಅಕ್ಷರದ ರೂಪ. ವಿಂಡೋಸ್ ಎಕ್ಸ್‌ಪಿ ಕಾಲದಿಂದ ನಾವೆಲ್ಲ ಪರದೆಯ ಮೇಲೆ ಓದಿದ ‘ತುಂಗಾ’ ಫಾಂಟ್ ಆರ್.ಕೆ. ಜೋಶಿ ಎಂಬ ಮರಾಠಿ ಅಕ್ಷರ ಕಲಾವಿದರ ಮುಂದಾಳತ್ವದಲ್ಲಿ ರೂಪುಗೊಂಡದ್ದು. ಪೊವಾಯಿಯ ಐಐಟಿಯಲ್ಲಿ ವಿನ್ಯಾಸ ಪಾಠ ಹೇಳಿದ ಜೋಶಿ ಆಮೇಲೆ ಜುಹುವಿನ ಸಾಫ್ಟ್‌ವೇರ್ ಸಂಶೋಧನಾ ಸಂಸ್ಥೆ ಎನ್‌ಸಿಎಸ್‌ಟಿಯಲ್ಲಿದ್ದರು. ಅದೇ ಸಂಸ್ಥೆ ಲಿನಕ್ಸಿನ ಪರದೆಯ ಮೇಲೆ ಭಾರತೀಯ ಲಿಪಿಗಳು ಸರಿಯಾಗಿ ಮೂಡುವಂತೆ ಮಾಡಲು ‘ಇಂಡಿಕ್ಸ್’ ಎಂಬ ಯೋಜನೆಯನ್ನೂ ನಡೆಸಿತು. 2003ರಲ್ಲಿ ಎನ್‌ಸಿಎಸ್‌ಟಿ ಕೇಂದ್ರ ಸರ್ಕಾರದ ಸಿ-ಡ್ಯಾಕ್ ಸಂಸ್ಥೆಯ ಜೊತೆ ಸೇರಿಕೊಂಡಿತು. ಒತ್ತಕ್ಷರ ಸ್ಥಾನ ತಪ್ಪಿ ಅಕ್ಷರದ ಪಕ್ಕಕ್ಕೆ ಬಂದು ನಿಲ್ಲುತ್ತಿದ್ದ ಆ ದಿನಗಳನ್ನು ಕಂಡವರಿಗೆ ಇವತ್ತಿನ ಉಬುಂಟುವಿನಲ್ಲಿ ‘ರಾಷ್ಟ್ರೀಯ’ ಎಂದು ಸಲೀಸಾಗಿ ಮೂಡುವುದೇ ಒಂದು ಸಣ್ಣ ಪವಾಡ.

ಹಾಗಾದರೆ ಹೊಸಬರ ಕೈಪಿಡಿಯಲ್ಲಿ ಏನಿರಬೇಕು? ಪೊವಾಯಿಯವರ ಎರಡು ಕಾಲಮ್ಮಿನ ಪದ್ಧತಿಯನ್ನು ಕಾಗದದ ಮೇಲೂ ಬಳಸಬಹುದು. ಎಡಗಡೆ ನಿಮಗೆ ಕಾಣುವುದು, ಬಲಗಡೆ ನೀವು ಮಾಡುವುದು. ಪರದೆಯ ಮೇಲಿನ ಇಂಗ್ಲಿಷ್ ಪದಗಳನ್ನು ಹಾಗೆಯೇ ಬಿಡಿ. ಓದುಗರು ಗುಂಡಿಯ ಮೇಲೆ ಹುಡುಕುವುದು ಅದನ್ನೇ. ವಿವರಣೆ ಮಾತ್ರ ಮನೆಮಾತಿನಲ್ಲಿರಲಿ.

ಲಿನಕ್ಸನ್ನು ಯಂತ್ರಕ್ಕೆ ಹಾಕುವುದು ಪೆನ್‌ಡ್ರೈವಿನ ಮೂಲಕ. ಎಲ್ಲರೂ ಎಡವುವುದು ಆ ಪೆನ್‌ಡ್ರೈವಿನ ಹಂತದಲ್ಲಿ. ಇಳಿಸಿದ ಐಎಸ್‌ಒ ಫೈಲನ್ನು ಪೆನ್‌ಡ್ರೈವಿಗೆ ಹಾಕಿ ಎಂದು ಒಂದೇ ಸಾಲು ಬರೆದರೆ ನೂರಕ್ಕೆ ತೊಂಬತ್ತು ಮಂದಿ ಕಾಪಿ ಮಾಡಿ ಪೇಸ್ಟ್ ಮಾಡುತ್ತಾರೆ. ಮಾಡಲೇಬೇಕು, ಇಷ್ಟು ವರ್ಷ ಹಾಡು, ಸಿನಿಮಾ, ಮದುವೆ ಫೋಟೊ ಎಲ್ಲವನ್ನೂ ಹಾಗೇ ತಾನೇ ಹಾಕಿದ್ದು? ಅಂಥ ಪೆನ್‌ಡ್ರೈವಿನಿಂದ ಕಂಪ್ಯೂಟರ್ ಎದ್ದೇಳುವುದಿಲ್ಲ. ರೂಫಸ್, ಎಚರ್ ಅಥವಾ ವೆಂಟಾಯ್‌ನಂಥ ಇನ್ನೊಂದು ಸಣ್ಣ ಸಾಫ್ಟ್‌ವೇರ್ ಬೇಕು, ಅದು ಬೂಟ್ ಆಗುವಂಥ ಪೆನ್‌ಡ್ರೈವ್ ತಯಾರಿಸಿಕೊಡುತ್ತದೆ, ತಯಾರಿಸುವಾಗ ಅದರಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಈ ಮೂರೂ ವಿಷಯ ಬರೆದಿರಬೇಕು. ಅಳಿಸಿಹೋಗುತ್ತದೆ ಎಂಬುದು ಕೊನೆಯಲ್ಲಿ ಬಂದರೆ ಪ್ರಯೋಜನವಿಲ್ಲ, ಮೊದಲೇ ಬರಬೇಕು.

ಆಮೇಲೆ ಯಂತ್ರ ಆನ್ ಮಾಡಿದ ಕೂಡಲೇ ಒತ್ತಬೇಕಾದ ಕೀಲಿ. ಡೆಲ್‌ಗೆ ಎಫ್12, ಎಚ್‌ಪಿಗೆ ಎಫ್9, ಅಸುಸ್‌ಗೆ ಎಸ್ಕೇಪ್; ಕೆಲವು ಲೆನೊವೊಗಳಲ್ಲಿ ಪಕ್ಕದ ಸಣ್ಣ ತೂತಿಗೆ ಪಿನ್ ಚುಚ್ಚಬೇಕು. ನಿಮ್ಮ ಬೂಟ್ ಕೀ ಒತ್ತಿ ಎಂದಷ್ಟೇ ಬರೆಯುವ ಕೈಪಿಡಿಕಾರರು ಓದುಗರನ್ನು ನಡುನೀರಿನಲ್ಲಿ ಬಿಟ್ಟ ಹಾಗೆ.

ಪೆನ್‌ಡ್ರೈವಿನಿಂದ ಎದ್ದ ಲಿನಕ್ಸ್ ಹಾರ್ಡ್‌ಡಿಸ್ಕನ್ನು ಮುಟ್ಟದೆ ಹಾಗೇ ಓಡಬಲ್ಲದು ಎನ್ನುವುದು ಹೊಸಬರಿಗೆ ಹೇಳಬೇಕಾದ ಅತ್ಯಂತ ಒಳ್ಳೆಯ ಸುದ್ದಿ. ಒಂದು ಸಂಜೆ ಹಾಗೇ ಓಡಿಸಿ ನೋಡಲಿ. ವೈಫೈ ಹಿಡಿಯುತ್ತದೆಯೇ, ದನಿ ಬರುತ್ತದೆಯೇ, ಪ್ರಿಂಟರ್ ಕಾಣುತ್ತದೆಯೇ, ಕನ್ನಡ ಟೈಪ್ ಆಗುತ್ತದೆಯೇ. ಒಗ್ಗದಿದ್ದರೆ ಆಫ್ ಮಾಡಿ ಪೆನ್‌ಡ್ರೈವ್ ಕಿತ್ತರಾಯಿತು, ಹಳೆಯ ವಿಂಡೋಸ್ ಇದ್ದ ಹಾಗೇ ಇರುತ್ತದೆ. ಒಗ್ಗಿದರೆ ಮುಂದಿನದು ನಿಜವಾದ ಗಂಡಾಂತರದ ಪರದೆ. ಅಲ್ಲಿ ವಿಂಡೋಸ್ ಪಕ್ಕದಲ್ಲೇ ಜಾಗ ಮಾಡಿಕೊಂಡು ಕೂರಲೇ, ಇಡೀ ಡಿಸ್ಕ್ ಅಳಿಸಲೇ ಎಂದು ಕೇಳುತ್ತದೆ. ಎರಡೂ ಆಯ್ಕೆಗಳು ಒಂದರ ಕೆಳಗೊಂದು, ಒಂದೇ ಗಾತ್ರದ ಅಕ್ಷರದಲ್ಲಿರುತ್ತವೆ. ಹತ್ತು ವರ್ಷದ ಫೋಟೊ, ಊರಿನ ಜಾಗದ ಕಾಗದಪತ್ರದ ಸ್ಕ್ಯಾನ್, ಸಂಘದ ಲೆಕ್ಕ, ಎಲ್ಲದರ ಹಣೆಬರಹ ಒಂದು ಕ್ಲಿಕ್ಕಿನಲ್ಲಿ. ಆದ್ದರಿಂದ ಬ್ಯಾಕಪ್ ಎಂಬುದು ಕೈಪಿಡಿಯ ಕೊನೆಯ ಟಿಪ್ಪಣಿಯಾಗಬಾರದು, ಮೊದಲ ಪುಟವಾಗಬೇಕು. ಬಿಟ್‌ಲಾಕರ್ ಹಾಕಿದ ಯಂತ್ರವಾದರೆ ಅದರ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ ಎಂಬ ಮಾತೂ ಅಲ್ಲೇ ಸೇರಲಿ. ಚಾರ್ಜರ್ ಚುಚ್ಚಿಡಿ ಎಂದೂ ಬರೆಯಿರಿ. ಡೊಂಬಿವಲಿ, ಕಲ್ಯಾಣ್ ಕಡೆಯವರಿಗೆ ಕರೆಂಟು ಕೈಕೊಡುವುದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ.

ಹಾಕಿದ ಮೇಲಿನ ಮೊದಲ ಗಾಬರಿ ಯಾವುದು ಗೊತ್ತೇ? ನಮ್ಮ ಸೊಸೈಟಿಯ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಉಬುಂಟು ಹಾಕಿಕೊಂಡು, ಟರ್ಮಿನಲ್ ಎಂಬ ಆಜ್ಞೆಯ ಕಿಟಕಿ ತೆರೆದು, ಪುಸ್ತಕದಲ್ಲಿದ್ದ ಆಜ್ಞೆ ಟೈಪಿಸಿದರು. ಅದು ಪಾಸ್‌ವರ್ಡ್ ಕೇಳಿತು. ಇವರು ಒತ್ತಿದರು, ಏನೂ ಮೂಡಲಿಲ್ಲ. ಮತ್ತೆ ಒತ್ತಿದರು.

“ಎಂಥ ಮಾರಾಯ್ರೆ ಇದು, ಕೀಬೋರ್ಡೇ ಸತ್ತುಹೋಯಿತಲ್ಲ!”

“ಸತ್ತಿಲ್ಲ ಸಾರ್, ಅದು ತೋರಿಸುವುದಿಲ್ಲ ಅಷ್ಟೇ. ನೀವು ಪೂರ್ತಿ ಒತ್ತಿ ಎಂಟರ್ ಹೊಡೆಯಿರಿ.”

“ಹಾಗಂತ ಪುಸ್ತಕದಲ್ಲಿ ಬರೆಯಬಾರದಾ? ಬ್ಯಾಂಕಿನಲ್ಲಿ ಕೂಡ ಚುಕ್ಕಿ ಆದರೂ ಬರ್ತಿತ್ತು.”

ಅವರ ಕೈಯಲ್ಲಿದ್ದ ಪುಸ್ತಕ ನಿಜಕ್ಕೂ ಒಳ್ಳೆಯದೇ. ಅದನ್ನು ಬರೆದವರು ಚುಕ್ಕಿ ಬಾರದಿರುವುದನ್ನು ಎಷ್ಟೋ ವರ್ಷದಿಂದ ಗಮನಿಸುವುದನ್ನೇ ಬಿಟ್ಟಿರಬೇಕು. ಆಜ್ಞೆಯ ಮುಂದೆ ಮುದ್ರಿಸುವ ಡಾಲರ್ ಗುರುತನ್ನೂ ಸೇರಿಸಿ ಟೈಪ್ ಮಾಡುವವರು, ಟರ್ಮಿನಲ್ಲಿನಲ್ಲಿ ಕಾಪಿ ಮಾಡಲು ಕಂಟ್ರೋಲ್ ಮತ್ತು ಸಿ ಒತ್ತಿ ನಡೆಯುತ್ತಿದ್ದ ಕೆಲಸವನ್ನೇ ನಿಲ್ಲಿಸಿಬಿಡುವವರು, ದೊಡ್ಡಕ್ಷರ ಸಣ್ಣಕ್ಷರದ ವ್ಯತ್ಯಾಸದಲ್ಲಿ ಫೈಲ್ ಕಳೆದುಹೋಯಿತೆಂದು ಹುಡುಕುವವರು, ಎಲ್ಲರೂ ಇದೇ ಸಾಲಿನಲ್ಲಿ ಬರುತ್ತಾರೆ. ಪೊವಾಯಿಯ ಆ ಏನೂ ಗೊತ್ತಿಲ್ಲದ ಓದುಗ ಒಂದು ಗಂಟೆಯಲ್ಲಿ ಇವನ್ನೆಲ್ಲ ಹಿಡಿದುಕೊಡುತ್ತಿದ್ದ.

ಹಂಚುವ ವಿಚಾರಕ್ಕೆ ಬಂದರೆ, ವಾಟ್ಸ್‌ಆ್ಯಪ್ ಗುಂಪಿಗೆ ಪಿಡಿಎಫ್ ತಳ್ಳುವುದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಅಪಾಯ. ಅದು ಐದು ವರ್ಷ ಗುಂಪಿನಿಂದ ಗುಂಪಿಗೆ ಸುತ್ತುತ್ತದೆ, ಅಷ್ಟರಲ್ಲಿ ಪರದೆಗಳು ಬದಲಾಗಿರುತ್ತವೆ. ಮೇಲ್ಗಡೆ ಆವೃತ್ತಿ, ತಿಂಗಳು, ವರ್ಷ ಬರೆದಿದ್ದರೆ ಓದುಗರು ಅಷ್ಟರ ಮಟ್ಟಿಗೆ ಬಚಾವು.

ಯಾರು ಲಿನಕ್ಸ್ ಹಾಕಬಾರದು ಎಂದೂ ಬರೆಯಬೇಕು. ಲಿನಕ್ಸ್ ಭಕ್ತರು ಇದನ್ನು ಬೇಕೆಂದೇ ಬಿಡುತ್ತಾರೆ. ಟ್ಯಾಲಿಯಲ್ಲಿ ಲೆಕ್ಕ ಇಡುವ ನಮ್ಮ ಹೋಟೆಲಿನವರು, ವಿಂಡೋಸ್‌ನಲ್ಲೇ ಓಡುವ ಬಿಲ್ಲಿಂಗ್ ಸಾಫ್ಟ್‌ವೇರ್ ಕೊಂಡವರು ಅದೇ ಯಂತ್ರಕ್ಕೆ ಕೈಹಾಕಬಾರದು. ಶ್ರೀಲಿಪಿ, ಹಳೆಯ ನುಡಿಯಲ್ಲಿ ವರ್ಷಗಟ್ಟಲೆ ಟೈಪ್ ಮಾಡಿಟ್ಟ ಡಿಟಿಪಿಯವರಿಗೆ ಆ ಕಡತಗಳು ಲಿನಕ್ಸಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಯೂನಿಕೋಡಿಗೆ ತರುವ ಪರಿವರ್ತಕಗಳೇನೋ ಇವೆ, ಆದರೆ ಪತ್ರಿಕೆ ಅಚ್ಚಿಗೆ ಹೋಗುವ ಹಿಂದಿನ ರಾತ್ರಿ ಅದನ್ನು ಕಲಿಯಲಾಗದು.

ಇದನ್ನೆಲ್ಲ ಕಲಿಸಲು ಜಾಗವೂ ನಮ್ಮಲ್ಲೇ ಇದೆ. ಮುಂಬೈಯಲ್ಲಿ ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದ ಕನ್ನಡಿಗರ ತಲೆಮಾರುಗಳಿವೆ. ಆ ಶಾಲೆಗಳನ್ನು ನಡೆಸಿದ ಸಂಘಗಳಲ್ಲಿ ಹಲವಕ್ಕೆ ಇವತ್ತು ಸ್ವಂತ ಸಭಾಗೃಹವಿದೆ, ಜೂನ್ ಬಂದರೆ ಮಕ್ಕಳಿಗೆ ನೋಟ್‌ಬುಕ್ ಹಂಚುವ ಕಾರ್ಯಕ್ರಮವಿದೆ. ಅದೇ ಸಭಾಗೃಹದಲ್ಲಿ ಒಂದು ಭಾನುವಾರ ಹಳೆಯ ಲ್ಯಾಪ್‌ಟಾಪುಗಳ ಸಭೆ ಕರೆಯಲು ದೊಡ್ಡ ಖರ್ಚೇನೂ ಬೇಡ. ನಾಲ್ಕೈದು ಎಕ್ಸ್‌ಟೆನ್ಷನ್ ಬೋರ್ಡ್, ಆರೇಳು ಪೆನ್‌ಡ್ರೈವ್, ಸ್ಪೋಕನ್ ಟ್ಯುಟೋರಿಯಲ್ಲಿನ ಕನ್ನಡ ಪಾಠ ತುಂಬಿಟ್ಟ ಒಂದು ಹಾರ್ಡ್‌ಡಿಸ್ಕ್, ಎಂಜಿನಿಯರಿಂಗ್ ಓದುವ ಮೂರ್ನಾಲ್ಕು ಹುಡುಗ ಹುಡುಗಿಯರು. ಅಧ್ಯಕ್ಷರ ಭಾಷಣ ಹತ್ತು ನಿಮಿಷಕ್ಕೆ ಮುಗಿದರೆ ಇನ್ನೂ ಒಳ್ಳೆಯದು. ಆಮಂತ್ರಣದಲ್ಲಿ ಮಾತ್ರ ಸ್ಪಷ್ಟವಾಗಿ ಬರೆಯಿರಿ: ಚಾರ್ಜರ್ ತನ್ನಿ, ಹಿಂದಿನ ರಾತ್ರಿಯೇ ಬ್ಯಾಕಪ್ ಮಾಡಿಕೊಂಡು ಬನ್ನಿ, ಟ್ಯಾಲಿ ಇರುವವರೂ ಧಾರಾಳವಾಗಿ ಬನ್ನಿ, ಕಾಫಿ ಕುಡಿದು ಲ್ಯಾಪ್‌ಟಾಪನ್ನು ತಂದ ಹಾಗೇ ಮನೆಗೆ ಒಯ್ಯಿರಿ.